ಮಾನಸಾಂತರ, ವಿಶ್ವಾಸ, ಬೆಳವಣಿಗೆ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯನ್ನು ಬಲ್ಲ ನಮ್ಮ ವಾಚಕರಿಗೆ ಬೇಸಿಗೆಯ ಎರೆಹೊಲವನ್ನು ವರ್ಣಿಸಿ ಹೇಳಬೇಕಾದದ್ದಿಲ್ಲ. ಹಿಂಗಾರಿ ಜೋಳವನ್ನು ಕಿತ್ತು ರಾಶಿ ಮಾಡಿದ ಮೇಲೆ ನೆಲವು ಒಣಗುತ್ತ ಒಣಗುತ್ತ ಬಿರಿಯುವದು. ಚೈತ್ರ ವೈಶಾಖಗಳಲ್ಲಿ ಆ ಬಿರುಕುಗಳು ತೋಳು ಇಳಿಯುವಷ್ಟು ಆಳವಾಗುವವು. ಪರಸ್ಥಳದವನು ನೋಡಿ, ಇದು ಸತ್ತ ನೆಲವೆಂದು ಹೇಳಿಯಾನು. ಒಕ್ಕಲಿಗನು ಹಾಗೆ ಎಣಿಸುವದಿಲ್ಲ. ಮೇಲ್ಮಣ್ಣು ಆ ಬಿರುಕುಗಳೊಳಗೆ ಉದುರುವದರಿಂದ ನೆಲವು ತನ್ನನ್ನು ತಾನೇ ಉತ್ತುಕೊಳ್ಳುತ್ತದೆಂದೂ, ಮೊದಲ ಮಳೆಯ ನೀರು ಆ ಬಿರುಕಿನ ದಾರಿಯಿಂದಲೇ ಆಳಕ್ಕೆ ಇಳಿಯುತ್ತದೆಂದೂ ಅವನು ಬಲ್ಲನು. ದಾವೀದನು ತನ್ನ ಮಹಾಪಾತಕದ ತರುವಾಯ ಹೇಳಿದ 51ನೆಯ ಕೀರ್ತನೆಯಲ್ಲಿ ಮುರಿದ ಮನಸ್ಸಿನ ಮಾತು ಬರುವಾಗಲೆಲ್ಲಾ ನಮಗೆ ಈ ಹೊಲಗಳ ನೆನಪಾಗುವದು.

ಈ ಸಂಚಿಕೆಗಾಗಿ ಮಾನಸಾಂತರದ ವಿಷಯವಾಗಿ ಕೆಲವು ಮಾತುಗಳನ್ನು ಬರೆಯಬೇಕೆಂದು ನಮ್ಮನ್ನು ಕೇಳಿಕೊಂಡಾಗ ನಾವು ಸ್ವಲ್ಪ ಹಿಂಜರಿದೆವು. ಯಾಕಂದರೆ ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಕ್ರೈಸ್ತರಲ್ಲದ ಮನೆಗಳವರು ಅನೇಕರು. ಅವರ ತಂದೆತಾಯಿಗಳು ತಮ್ಮ ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿದ್ದು ವಿದ್ಯೆಗಾಗಿ. ಅವರೆದುರಿಗೆ ಪಾಪದ ಮಾತನ್ನೆತ್ತುವದು ಅವರನ್ನು ಪಾಪಿಗಳೆಂದು ಬೆರಳು ತೋರಿಸಿದಂತೆ ಕಂಡೀತು. ಆದರೆ ಯೇಸುವು ಈ ಮಾತನ್ನು ಹೆಚ್ಚಾಗಿ ಹೇಳಿದ್ದು ಧಾರ್ಮಿಕರೆಂದು ಎಣಿಸಿಕೊಂಡವರಿಗೇ. ಆದಕಾರಣ ನಾವು ಮೊದಲು ನಮ್ಮ ಸಭೆಯವರಿಗೇ ಬರೆಯುತ್ತೇವೆ. ಮಿಕ್ಕವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಲಿ. ಒಳಗಿನ ಶುದ್ಧಿಯಿಲ್ಲದ ಹೊರಗಿನ ಶುದ್ಧಿಯು ವ್ಯರ್ಥವೆಂಬದನ್ನು ಈ ನಾಡಿನ ಶರಣರು 12ನೆಯ ಶತಮಾನದಲ್ಲಿಯೇ ಸಾರಿರುವದರಿಂದ ಅವರಿಗೆ ಇದು ಅಪರಿಚಿತವಾದ ವಿಚಾರವೂ ಅಲ್ಲ.

ಬಳ್ಳಾರಿಯ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಮುಂತಾದವರ ಪ್ರಯತ್ನದಿಂದ 1831ರಲ್ಲಿ ಕನ್ನಡ ಸತ್ಯವೇದವು ಪೂರ್ಣವಾಗಿ ಅಚ್ಚಾಯಿತು. ಅಲ್ಲಿಂದೀಚೆಗೆ ಅದನ್ನು ತಿದ್ದಿದವರು ಅನೇಕರು. ಒಂದೇ ಭಾವವನ್ನು ಹೇಳುವದಕ್ಕೆ ನಮ್ಮ ಸಭೆಗಳಲ್ಲಿ ಮೂರು ಮಾತುಗಳು ಬಳಕೆಯಲ್ಲಿವೆ: ಪಶ್ಚಾತ್ತಾಪ, ಮಾನಸಾಂತರ, ದೇವರ ಕಡೆಗೆ ತಿರುಗಿಕೊಳ್ಳುವದು. ಪಶ್ಚಾತ್ತಾಪವೆಂದರೆ ಮಾಡಿದ ಮೇಲೆ ಬೇಯುವದು. ಮಾನಸಾಂತರವೆಂದರೆ ಮನಸ್ಸೇ ಬೇರೆಯಾಗುವದು. ಹೊಸ ಒಡಂಬಡಿಕೆಯ ಗ್ರೀಕ್ ಮಾತಾದ ಮೆತಾನೊಯಕ್ಕೆ ಇದೇ ಹತ್ತಿರದ್ದು. ಮೂರನೆಯದು ಪ್ರವಾದಿಗಳು ಬಳಸಿದ ಇಬ್ರಿಯ ಮಾತಿನ ಅರ್ಥವನ್ನು ಹಿಡಿದದ್ದು, ದಾರಿ ತಪ್ಪಿದವನು ಹೊರಳಿ ಬರುವನೆಂಬ ಚಿತ್ರ ಅದರಲ್ಲಿದೆ. ನಮ್ಮ ಎಣಿಕೆಯಲ್ಲಿ ಈ ಮೂರನೆಯದೇ ಮಕ್ಕಳಿಗೆ ಕಲಿಸಲು ಯೋಗ್ಯವಾದದ್ದು. ಬೇಯುವದು ಮನಸ್ಸಿಗೆ ಸೇರಿದ್ದು; ತಿರುಗುವದಕ್ಕೆ ಕಾಲುಗಳೂ ಬೇಕು.

ಬೇಯುವದಕ್ಕೂ ತಿರುಗುವದಕ್ಕೂ ಎಷ್ಟು ಅಂತರವೆಂಬದನ್ನು ಯೂದನ ಕಥೆಯಿಂದ ತಿಳಿಯಬಹುದು. ಮತ್ತಾಯನ 27ನೆಯ ಅಧ್ಯಾಯವನ್ನು ಸಾವಕಾಶವಾಗಿ ಓದಿರಿ. ಯೂದನು ದುಃಖಪಟ್ಟನು. ತಾನು ನಿರಪರಾಧಿಯ ರಕ್ತಕ್ಕೆ ದ್ರೋಹ ಮಾಡಿದೆನೆಂದು ಬಾಯಿಬಿಟ್ಟು ಒಪ್ಪಿಕೊಂಡನು. ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಒಂದೂ ಬಿಡದೆ ಹಿಂದಕ್ಕೆ ಕೊಟ್ಟನು. ದುಃಖ, ಅರಿಕೆ, ಮರಳಿ ಕೊಡುವದು, ಈ ಮೂರೂ ಆದವು. ನಮ್ಮಲ್ಲಿ ಎಷ್ಟು ಜನರು ಇಷ್ಟು ಮಾಡುವರು? ಆದರೂ ಅವನು ಹೋಗಿ ಉರುಲು ಹಾಕಿಕೊಂಡನು. ಸುವಾರ್ತಿಕನು ಇಲ್ಲಿ ಮೆತಾನೊಯದ ಮಾತನ್ನು ಬಳಸದೆ ಬರಿಯ ಮರುಗುವಿಕೆಯನ್ನು ಸೂಚಿಸುವ ಬೇರೊಂದು ಮಾತನ್ನು ಬಳಸಿದ್ದಾನೆ. ಯೂದನು ಹೋದದ್ದು ಯಾಜಕರ ಬಳಿಗೆ. ತಾನು ಹಿಡಿದುಕೊಟ್ಟ ಗುರುವಿನ ಬಳಿಗೆ ಹೋಗಲಿಲ್ಲ. ಆತನು ಕ್ಷಮಿಸಾನೆಂಬ ನಂಬಿಕೆ ಅವನಿಗೆ ಉಳಿದಿರಲಿಲ್ಲ.

ಪೇತ್ರನ ತಪ್ಪು ಚಿಕ್ಕದಾಗಿರಲಿಲ್ಲ. ಇದ್ದಲಬೆಂಕಿಯ ಬಳಿಯಲ್ಲಿ ಚಳಿ ಕಾಯಿಸಿಕೊಳ್ಳುತ್ತ ಮೂರಾವರ್ತಿ, ಆ ಮನುಷ್ಯನನ್ನು ಅರಿಯೆನೆಂದನು. ಅವನೂ ಅತ್ತನು. ಅವನು ಹಣ ಮರಳಿ ಕೊಟ್ಟದ್ದಿಲ್ಲ, ಯಾರೆದುರಿಗೂ ಅರಿಕೆಮಾಡಿದ್ದೂ ಬರೆಯಲ್ಪಟ್ಟಿಲ್ಲ. ಆದರೆ ಯೋಹಾನನ 21ನೆಯ ಅಧ್ಯಾಯದಲ್ಲಿ, ದಡದ ಮೇಲೆ ನಿಂತಿರುವವನು ಕರ್ತನೆಂದು ಕೇಳಿದೊಡನೆ ದೋಣಿ ದಡ ಸೇರುವ ತನಕ ತಾಳದೆ ನೀರಿಗೆ ಧುಮುಕಿದನು. ಅಲ್ಲಿಯೂ ಇದ್ದಲಬೆಂಕಿ ಇತ್ತು. ಅಲ್ಲಿಯೂ ಮೂರು ಪ್ರಶ್ನೆಗಳಾದವು. ಮಾನಸಾಂತರವನ್ನೂ ವಿಶ್ವಾಸವನ್ನೂ ಬೇರೆ ಬೇರೆ ಪಾಠಗಳಾಗಿ ಕಲಿಸುವ ರೂಢಿಯಲ್ಲಿ ನಾವೂ ತಪ್ಪಿದ್ದೇವೆ. ಮಾರ್ಕನು ಮೊದಲನೆಯ ಅಧ್ಯಾಯದಲ್ಲಿಯೇ ಎರಡನ್ನೂ ಒಂದೇ ಉಸುರಿನಲ್ಲಿ ಹೇಳಿದ್ದಾನೆ.

ಇನ್ನು ನಮ್ಮ ಸಭೆಗಳ ಹುಟ್ಟಿನ ವಿಷಯದಲ್ಲಿ ಬಹಳ ಜನರ ಮನಸ್ಸಿನಲ್ಲಿರುವ, ಆದರೆ ಬಾಯಿಗೆ ಬಾರದ ಒಂದು ಪ್ರಶ್ನೆಯನ್ನು ಎತ್ತುತ್ತೇವೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಬೆಟಗೇರಿಯಲ್ಲಿಯೂ 1851ರಲ್ಲಿ ಗುಳೇದಗುಡ್ಡದಲ್ಲಿಯೂ ಠಾಣೆಗಳನ್ನು ಮಾಡಿದರು. ರೋಣ ಗಜೇಂದ್ರಗಡಗಳ ಸೀಮೆಯು ಈ ಕಡೆಯ ಎರಡು ಠಾಣೆಗಳ ನಡುವೆ ಇರುವದು. ಈ ಸೀಮೆಯು ಈಗ ಗದಗ ಜಿಲ್ಲೆಗೆ ಸೇರಿದ್ದರೂ 1997ರ ವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. 1840ರ ಸುಮಾರಿಗೆ ಕಾಲಜ್ಞಾನಿಗಳೆಂಬ ಪಂಥದವರು ಹುಬ್ಬಳ್ಳಿಯ ಪಾದ್ರಿಗಳ ಬಳಿಗೆ ಬಂದು, ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲವು ಒದಗಿತೆಂದೂ, ನೆಲೆಯಾಗಿ ಇರುವದಕ್ಕೆ ಸ್ಥಳ ಸಿಕ್ಕಿದರೆ ಬಹುಜನರು ಸೇರುವರೆಂದೂ ತಿಳಿಸಿದರು. ಪಾದ್ರಿಗಳು ಹರ್ಷಪಟ್ಟು ಬೆಟಗೇರಿಗೆ ಸಮೀಪವಾದ ಮಲಸಮುದ್ರದಲ್ಲಿ 1841ರಲ್ಲಿ ಭೂಮಿಯನ್ನು ಪಡೆದು ಒಕ್ಕಲುತನದ ವಸತಿಯನ್ನು ಏರ್ಪಡಿಸಿದರು. ನಿರೀಕ್ಷಿಸಿದ ಜನಸಮೂಹವು ಬರಲೇ ಇಲ್ಲ.

ಇದನ್ನು ಹೇಳಿ ಕಾಲಜ್ಞಾನಿಗಳನ್ನು ನಿಂದಿಸುವವರು ಉಂಟು. ನಾವು ಹಾಗೆ ನಿಂದಿಸಲಾರೆವು. ಭೂಮಿಯಿಲ್ಲದವನು ಭೂಮಿಯನ್ನು ಬಯಸಿದ್ದು ಪಾಪವಲ್ಲ. ತಪ್ಪು ಏನಾದರೂ ಇದ್ದರೆ ಜನರ ಬಯಕೆಯನ್ನು ವಿಶ್ವಾಸವೆಂದು ಅವಸರದಿಂದ ಎಣಿಸಿದವರಲ್ಲಿಯೂ ಇತ್ತು.

ಆಮೇಲೆ 1876ರಿಂದ 1878ರ ವರೆಗಿನ ಮಹಾಕ್ಷಾಮವು ಬಂದಿತು. ಧಾರವಾಡ ಜಿಲ್ಲೆಯ ಮೂಡಣ ಪಾಲಾದ ಗದಗ, ರೋಣ, ನವಲಗುಂದ ಸೀಮೆಗಳಲ್ಲಿ ಮಳೆಯನ್ನೇ ನಂಬಿದ ಎರೆಹೊಲಗಳು ಬರಿದಾದವು. ಅನಾಥರಾದ ಮಕ್ಕಳನ್ನು ಮಿಶನಿನವರು ಸೇರಿಸಿಕೊಂಡು ಸಾಕಿದರು. ಉತ್ತರ ಕರ್ನಾಟಕದ ಅನೇಕ ಕ್ರೈಸ್ತ ಮನೆತನಗಳ ಮೂಲವು ಆ ಮಕ್ಕಳಲ್ಲಿದೆ. ಅವರು ಜೋಳಕ್ಕಾಗಿ ಬಂದವರು, ದೇವರಿಗಾಗಿ ಬಂದವರಲ್ಲವೆಂದು ಕೆಲವರು ಹಳಿಯುವದುಂಟು. ನಮ್ಮ ಹುಡುಗಿಯರು ಆ ಮಾತನ್ನು ಕೇಳಿ ತಲೆತಗ್ಗಿಸಿದ್ದನ್ನು ನಾವು ಕಂಡಿದ್ದೇವೆ. ತಲೆತಗ್ಗಿಸುವ ಕಾರಣವೇನು? ಅವರು ಜೋಳಕ್ಕಾಗಿಯೇ ಬಂದರು. ಹಸಿದ ಮಗು ಮತ್ತೇತಕ್ಕಾಗಿ ಬರುವದು? ಯೋಹಾನನ 6ನೆಯ ಅಧ್ಯಾಯದಲ್ಲಿ ಕರ್ತನು ಜನರಿಗೆ, ನೀವು ರೊಟ್ಟಿಗೋಸ್ಕರ ನನ್ನನ್ನು ಹುಡುಕುತ್ತೀರೆಂದು ಖಂಡಿಸಿ ನುಡಿದದ್ದು ನಿಜ. ಆದರೆ ಹಿಂದಿನ ದಿವಸವೇ ಆತನು ಏನನ್ನೂ ಕೇಳದೆ ಅವರಿಗೆ ಊಟಕ್ಕೆ ಕೊಟ್ಟಿದ್ದನು. ಜಕ್ಕಾಯನ ಸಂಗತಿಯೂ ಇದೇ. ಅವನು ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದದ್ದು ಯೇಸುವು ಅವನ ಮನೆಗೆ ಬಂದ ಮೇಲೆ; ಹಣ ತೀರಿಸಿ ಬಾ, ಆಮೇಲೆ ನಿನ್ನ ಮನೆಗೆ ಬರುವೆನೆಂದು ಆತನು ಕರಾರು ಹಾಕಲಿಲ್ಲ. ದೇವರ ದಯೆಯು ಮುಂದಾಗಿ ನಡೆಯುವದು, ಮಾನಸಾಂತರವು ಅದರ ಹಿಂದಿನಿಂದ ಬರುವದು.

ಆದರೆ ಅಜ್ಜಿಯು ಉಂಡ ಜೋಳವು ಮೊಮ್ಮಗಳ ವಿಶ್ವಾಸವಾಗಲಾರದು. ಹುಟ್ಟಿನಿಂದ ಕ್ರೈಸ್ತರಾದ ನಾವು ಯಾವ ದಿವಸವೂ ತಿರುಗಿಕೊಳ್ಳದೆ, ಮೊದಲೇ ಸರಿದಾರಿಯಲ್ಲಿದ್ದೇವೆಂದು ಭಾವಿಸಿಕೊಂಡಿರುವದು ಅತಿ ಸುಲಭವಾದ ಮೋಸ. ಒಂದು ಉದಾಹರಣೆಯನ್ನು ಕೊಡುವೆವು. ದೀಕ್ಷಾಸ್ನಾನಕ್ಕೆ ಬರುವವರು ಜಾತಿಭೇದವನ್ನು ಬಿಟ್ಟುಬಿಡಬೇಕೆಂದು ಬಾಸೆಲ್ ಮಿಶನಿನವರು ಬಲವಾಗಿ ಒತ್ತಿಹೇಳುತ್ತಿದ್ದರು. ಈಗ ಭಾನುವಾರ ಒಂದೇ ಪಂಕ್ತಿಯಲ್ಲಿ ಕರ್ತನ ಭೋಜನಕ್ಕೆ ನಿಲ್ಲುವ ನಾವು, ಮನೆಯಲ್ಲಿ ಮಗಳ ಮದುವೆಯ ಮಾತು ಬಂದಾಗ, ಅವರು ಮೊದಲು ಯಾವ ಜನರೆಂದು ಮೆಲ್ಲಗೆ ವಿಚಾರಿಸುವದಿಲ್ಲವೇ? ಎರೆಹೊಲದಲ್ಲಿ ಕರಕಿಯನ್ನು ಕಂಡವರಿಗೆ ಇದು ಅರ್ಥವಾಗುವದು. ವರ್ಷ ವರ್ಷ ಕುಂಟೆ ಹೊಡೆದರೆ ಮೇಲಿನ ಹುಲ್ಲು ಕಡಿದು ಹೋಗಿ ಹೊಲವು ಚೊಕ್ಕಟವಾಗಿ ಕಾಣುವದು, ಬೇರು ಮಾತ್ರ ಕೆಳಗೆ ಹಬ್ಬುತ್ತಲೇ ಇರುವದು. ಕಡೆಗೆ ಹೆಚ್ಚು ಜೋಡಿ ಎತ್ತುಗಳನ್ನು ಹೂಡಿ ದೊಡ್ಡ ನೇಗಿಲಿನಿಂದ ಆಳವಾಗಿ ಉಳಲೇಬೇಕು. ಪ್ರತಿ ರಾತ್ರಿಯ ಪ್ರಾರ್ಥನೆಯಲ್ಲಿ ಸಕಲ ಪಾಪಗಳನ್ನೂ ಕ್ಷಮಿಸು ಎಂದು ಒಟ್ಟಾಗಿ ಹೇಳುವದು ಕುಂಟೆಯ ಕೆಲಸ. ಒಂದು ಪಾಪವನ್ನು ಅದರ ಹೆಸರು ಹಿಡಿದು ಹೇಳುವದು, ಯಾರಿಗೆ ಅನ್ಯಾಯವಾಯಿತೋ ಅವರ ಮನೆಗೆ ನಡೆದುಹೋಗುವದು ನೇಗಿಲಿನ ಕೆಲಸ. ಅದು ನಮಗೆ ವರ್ಷಕ್ಕೊಮ್ಮೆಯಾದರೂ ಆಗುವದೋ ಇಲ್ಲವೋ.

ಬೆಳವಣಿಗೆಯ ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೋಸ್ಕರವೇ ಬರೆಯಬೇಕಾಗಿದೆ. ಮದುವೆಯಾಗಿ ದೇವಾಲಯವಿಲ್ಲದ ಹಳ್ಳಿಗಳಲ್ಲಿ ಬಾಳುತ್ತಿರುವ ಕೆಲವರು, ಶಾಲೆಯಲ್ಲಿದ್ದಾಗ ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣೀರು ಬರುತ್ತಿತ್ತು, ಈಗ ಅದು ಬತ್ತಿಹೋಗಿದೆ, ನಮ್ಮ ವಿಶ್ವಾಸವೇ ಹೋಯಿತೇನೋ ಎಂದು ನಮ್ಮೆದುರಿಗೆ ಹೇಳಿಕೊಂಡದ್ದುಂಟು. ತಂಗಿಯರೇ, ಹಿಂಗಾರಿ ಜೋಳವು ಯಾವಾಗ ಬೆಳೆಯುವದೆಂಬದನ್ನು ನೋಡಿರಿ. ಹಸ್ತ ಚಿತ್ತೆಗಳ ಸುಮಾರಿಗೆ ಬಿತ್ತಿದ ಮೇಲೆ ಅದಕ್ಕೆ ಸಿಕ್ಕುವ ಮಳೆ ಬಹಳ ಸ್ವಲ್ಪ. ಚಳಿಗಾಲವೆಲ್ಲಾ ಆಕಾಶವು ಬೋಳಾಗಿರುವಾಗ, ಎರೆಯು ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟ ತೇವವನ್ನೇ ಹುಡುಕುತ್ತ ಬೇರು ಕೆಳಗೆ ಇಳಿಯುವದು. ಆ ತೇವದಿಂದಲೇ ತೆನೆ ಹಾಲುದುಂಬುವದು. ಕಣ್ಣೀರು ಮಳೆಗಾಲದ್ದು. ಅದು ನಿಂತ ಮೇಲೆ ನೀವು ಬೇಸರದಲ್ಲಿಯೂ ಒಂದು ಕೀರ್ತನೆಯನ್ನು ಓದುತ್ತೀರಾದರೆ, ಅತ್ತೆಯ ಒರಟು ಮಾತಿಗೆ ಒಂದು ಸಾರಿ ಉತ್ತರಕೊಡದೆ ಇರುತ್ತೀರಾದರೆ, ಬೇರು ಇಳಿಯುತ್ತಲಿದೆ. (ಅನ್ಯಾಯವನ್ನೆಲ್ಲಾ ಬಾಯಿಮುಚ್ಚಿ ಸಹಿಸಿರೆಂದು ನಾವು ಹೇಳುತ್ತೇವೆಂದು ಯಾರೂ ತಿಳಿಯಬಾರದು, ಹೊಡೆತ ಬಡಿತಗಳಿದ್ದಲ್ಲಿ ತೌರುಮನೆಗೂ ನಮಗೂ ತಿಳಿಸತಕ್ಕದ್ದು.) ಮಾರ್ಕನ 4ನೆಯ ಅಧ್ಯಾಯದಲ್ಲಿ ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜವು ಮೊಳೆತು ಬೆಳೆಯುವ ಬಗೆಯನ್ನು ಅವನು ಅರಿಯನು. ಅಂಕಗಳನ್ನು ಕೊಡುವದೇ ಕಸಬಾದ ನಮ್ಮಂಥವರಿಗೆ ಈ ಸಾಮ್ಯವನ್ನು ಒಪ್ಪುವದು ಕಷ್ಟ. ಸಸಿಯನ್ನು ದಿನಾಲು ಕಿತ್ತು ಬೇರನ್ನು ಅಳೆಯುವವನ ಹೊಲದಲ್ಲಿ ಏನು ಉಳಿದೀತು?

ಇದಕ್ಕೆ ವಿರುದ್ಧವಾದ ಅಪಾಯವು ಪಟ್ಟಣದ ಸಭೆಗಳಲ್ಲಿ ಇರುವ ನಮಗೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಆದ ಮೇಲೆ ಕಾಲುವೆಯ ನೀರು ನರಗುಂದದ ಕಡೆಯ ಎರೆಹೊಲಗಳಿಗೆ ಬಂದಿತು. ತಲೆತಲಾಂತರಗಳಿಂದ ಮಳೆಗೆ ಬಾಯ್ಬಿಟ್ಟ ನೆಲಕ್ಕೆ ಅದು ವರವೇ ಸರಿ. ಆದರೆ ನೀರು ಹರಿದು ಹೊರಗೆ ಹೋಗಲು ಬಸಿಗಾಲುವೆ ಇಲ್ಲದ ಕಡೆಗಳಲ್ಲಿ, ಎರೆಯು ಕುಡಿದ ನೀರನ್ನು ಬಿಡಲಾರದೆ ಜವುಳಾಯಿತು. ಕೆಳಗಿನ ಉಪ್ಪು ಮೇಲಕ್ಕೆ ಬಂದು ಸವುಳಾಯಿತು. ಬರದಲ್ಲಿಯೂ ಬೆಳೆಯುತ್ತಿದ್ದ ನೆಲವು ನೀರಿನಿಂದ ಕೆಟ್ಟಿತು. ವಾರಕ್ಕೆ ನಾಲ್ಕು ಕೂಟಗಳು, ವರ್ಷಕ್ಕೆ ಎರಡು ಮಹಾಸಭೆಗಳು, ಮನೆಯಲ್ಲಿ ಐದು ಹಾಡಿನ ಪುಸ್ತಕಗಳು, ಇವೆಲ್ಲಾ ಇದ್ದೂ ಮನೆಗೆಲಸದ ಹೆಂಗಸಿಗೆ ತಿಂಗಳ ಸಂಬಳವನ್ನು ಹೊತ್ತಿಗೆ ಕೊಡದೆ ಇರುವವರನ್ನು ನಾವು ಬಲ್ಲೆವು. ಅಂಥವರಿಗೆ ಇನ್ನೊಂದು ಪ್ರಸಂಗ ಬೇಕಾಗಿಲ್ಲ. ಒಂದು ಬಸಿಗಾಲುವೆ ಬೇಕಾಗಿದೆ.

ಮಾರ್ಕನ 5ನೆಯ ಅಧ್ಯಾಯದಲ್ಲಿ, ಸಮಾಧಿಗಳಲ್ಲಿ ವಾಸವಾಗಿದ್ದು ದೆವ್ವ ಬಿಟ್ಟು ಸ್ವಸ್ಥನಾದ ಒಬ್ಬ ಮನುಷ್ಯನ ಕಥೆ ಇದೆ. ಯೇಸುವು ದೋಣಿಯನ್ನು ಹತ್ತುವಾಗ ಅವನು, ನಾನೂ ನಿನ್ನ ಸಂಗಡ ಇರುವೆನೆಂದು ಬೇಡಿಕೊಂಡನು. ಅದಕ್ಕಿಂತ ಭಕ್ತಿಯುಳ್ಳ ಬಿನ್ನಹ ಯಾವದಿದ್ದೀತು? ಆದರೆ ಕರ್ತನು ಒಪ್ಪಲಿಲ್ಲ; ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗೆಂದು ಕಳುಹಿಸಿದನು. ಶಾಲೆಯ ಕಡೆಯ ದಿವಸ ನಮ್ಮ ಹುಡುಗಿಯರು ತಮ್ಮ ಪೆಟ್ಟಿಗೆಗಳನ್ನು ಕಟ್ಟಿ, ಕಣ್ಣೊರಸಿಕೊಳ್ಳುತ್ತ ರೋಣದ ಬಸ್ಸು, ಗಜೇಂದ್ರಗಡದ ಬಸ್ಸು ಹತ್ತುವಾಗ ನಾವು ಈ ಅಧ್ಯಾಯವನ್ನೇ ಓದುತ್ತೇವೆ. ದೋಣಿಯು ಆಚೆಯ ದಡಕ್ಕೆ ಹೊರಟಿತು. ಆ ಮನುಷ್ಯನು ದೆಕಪೊಲಿಯ ಕಡೆಗೆ ತಿರುಗಿ ನಡೆದನು.