ಹಬ್ಬದ ರಜೆ ನಿಮಗೂ ಇರಲಿ

ದೀಪಾವಳಿಯ ನಾಲ್ಕು ದಿನದ ರಜೆಯನ್ನು ಅಡುಗೆಮನೆಯಲ್ಲೇ ಕಳೆದು, ಇನ್ನಷ್ಟು ಸುಸ್ತಾಗಿ ಕಚೇರಿಗೆ ಮರಳುತ್ತೇನೆ ಎಂದು ಬರೆದಿದ್ದೀರಿ. ವಿಶ್ರಾಂತಿ ಬಯಸುವುದು ಸ್ವಾರ್ಥವೇ ಎಂದೂ ಕೇಳಿದ್ದೀರಿ. ಖಂಡಿತ ಅಲ್ಲ.

ನಮ್ಮ ಹಬ್ಬದೊಳಗೇ ವಿಶ್ರಾಂತಿಗೆ ಜಾಗವಿದೆ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು ನೀರು ತುಂಬುತ್ತೇವೆ, ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನ. ಆದರೆ ಮನೆಮಂದಿಗೆಲ್ಲ ಎಣ್ಣೆ ಒತ್ತಿದವಳು ಕೊನೆಯಲ್ಲಿ ಎರಡು ಚೊಂಬು ನೀರು ಸುರಿದುಕೊಂಡು ಒಲೆಯ ಕಡೆ ಓಡುತ್ತಾಳೆ. ಈ ಸಲ ಮಣೆಯ ಮೇಲೆ ಮೊದಲು ನೀವು ಕೂತುಕೊಳ್ಳಿ. ಬೆಚ್ಚಗಿನ ಎಳ್ಳೆಣ್ಣೆಯನ್ನು ನೆತ್ತಿ, ಭುಜ, ಸೊಂಟ, ಅಂಗಾಲಿಗೆ ಯಜಮಾನರೋ ಮಗಳೋ ತಿಕ್ಕಲಿ. ಅರ್ಧ ಗಂಟೆ ಬಿಟ್ಟು ಸೀಗೆಪುಡಿ, ಹಬೆಯಾಡುವ ನೀರು. ಬಚ್ಚಲ ನೆಲ ಜಾರುತ್ತದೆ, ಎಚ್ಚರ.

ಹೋಳಿಗೆಯನ್ನು ಅಂಗಡಿಯಿಂದ ತರಿಸಿದರೆ ಲಕ್ಷ್ಮಿ ಮುನಿಯುವುದಿಲ್ಲ. ಯಾವ ಕೆಲಸ ಯಾರದು ಎಂಬುದನ್ನು ರಜೆಗೆ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಮುನಿಸಿಕೊಂಡು ಕೊನೆ ಗಳಿಗೆಯಲ್ಲಿ ಹೇಳಿದರೆ ಜಗಳವಾಗುತ್ತದೆ.

ನಿದ್ದೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ಬೇಕು. ನಸುಕಿಗೆ ಏಳುವ ದಿನದ ಹಿಂದಿನ ರಾತ್ರಿ ಬೇಗ ಮಲಗಿ, ಮಧ್ಯಾಹ್ನ ಅರ್ಧ ಗಂಟೆ ಒರಗಿಕೊಳ್ಳಿ. ಸಂಜೆಯ ಕಾಫಿ ಬಿಡಿ. ಒಂದು ಸಂಜೆಯನ್ನು ಬರೀ ನಿಮಗಾಗಿ ಇಟ್ಟುಕೊಳ್ಳಿ. ತವರಿನ ಗೆಳತಿಗೆ ಫೋನು ಮಾಡಿ, ಇಲ್ಲವೇ ಸುಮ್ಮನೆ ಜಗಲಿಯಲ್ಲಿ ಕೂತಿರಿ.

ಇಷ್ಟಾದರೂ ಸುಸ್ತು, ಅಳು, ನಿದ್ರಾಹೀನತೆ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.