ಸಿನಿಮಾ ನೋಡಿದ ಮಗ ಗೆಳೆಯನ ಜತೆ ಮಾತು ಬಿಟ್ಟಿದ್ದಾನೆ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಸಿನಿಮಾ ನೋಡಿದ ಮೇಲೆ ಪಕ್ಕದ ಮನೆಯ ಮಲಯಾಳಿ ಹುಡುಗನ ಜತೆ ಆಟಕ್ಕೇ ಹೋಗುತ್ತಿಲ್ಲ. ‘ನಮ್ಮ ಶಾಲೆ ಮುಚ್ಚಿಸಿದ್ದು ಅವರೇ’ ಅನ್ನುತ್ತಾನೆ. ಮಕ್ಕಳ ಸಿನಿಮಾ ಅಂತ ನಾನೇ ತೋರಿಸಿದ್ದೆ. ಇನ್ನು ಮುಂದೆ ಇಂಥವನ್ನು ತೋರಿಸಬಾರದೇ?
– ಹೆಸರು, ಊರು ಬೇಡ

ಉತ್ತರ: ‘ನಾನೇ ತೋರಿಸಿದ್ದೆ’ ಎಂದು ಬರೆಯುವಾಗ ನಿಮಗೆಷ್ಟು ಸಂಕಟವಾಗಿರಬೇಕು ಎಂದು ಊಹಿಸಬಲ್ಲೆ. ನೀವು ತಪ್ಪು ಮಾಡಿಲ್ಲ. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ 2018ರ ಚಿತ್ರ ಅದು.

ಮಗನ ಸಿಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಿ. ಚಿತ್ರದಲ್ಲಿ ತನ್ನ ವಯಸ್ಸಿನವರ ಕನ್ನಡ ಶಾಲೆಗೆ ಕುತ್ತು ಬಂದಾಗ, ಕನ್ನಡವೇ ಬಾರದ ಮೇಷ್ಟ್ರ ಮುಂದೆ ಮಕ್ಕಳು ಪೆಚ್ಚಾಗಿ ಕೂತಾಗ ಅವನಿಗೆ ನೋವಾಗಿದೆ. ಅನ್ಯಾಯ ಕಂಡರೆ ಮಿಡಿಯುವ ಮನಸ್ಸದು. ಆದರೆ ಈ ವಯಸ್ಸಿನಲ್ಲಿ ಸಿಟ್ಟಿಗೆ ಎದುರಿಗೊಬ್ಬರು ಬೇಕು. ಶಾಲೆ ಮುಚ್ಚಿಸಲು ಹೊರಟ ಪರದೆಯ ಮೇಲಿನ ಅಧಿಕಾರಿ ಸಿಗುವುದಿಲ್ಲ, ಪಕ್ಕದ ಮನೆಯ ಹುಡುಗ ಸಿಗುತ್ತಾನೆ.

‘ಅದೆಲ್ಲ ಬರೀ ಸಿನಿಮಾ ಕಣೋ’ ಎಂದು ತಳ್ಳಿಹಾಕಬೇಡಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ್ದು, ಕಯ್ಯಾರ ಕಿಞ್ಞಣ್ಣ ರೈ ಅಂಥ ಹಿರಿಯ ಕವಿ ಅದರ ವಿರುದ್ಧ ಬದುಕಿಡೀ ದನಿಯೆತ್ತಿದ್ದು ನಿಜ. ಇದನ್ನು ಮಗನಿಗೆ ಹೇಳಿ. ತುಳು, ಕೊಂಕಣಿ, ಬ್ಯಾರಿ, ಮರಾಠಿ, ಕನ್ನಡ, ಮಲಯಾಳ ಆಡುವವರೆಲ್ಲ ಅಲ್ಲಿ ಇಂದಿಗೂ ಅಕ್ಕಪಕ್ಕದಲ್ಲೇ ಬಾಳುತ್ತಿದ್ದಾರೆ ಎಂಬುದನ್ನೂ ಹೇಳಿ. ಗಡಿ ಎಳೆದದ್ದು ಸರ್ಕಾರ, ನೆರೆಮನೆಯವರಲ್ಲ.

ಒಂದು ಭಾನುವಾರ ನೀವೂ ಮಗನೂ ಜತೆಗೆ ಕೂತು ಚಿತ್ರವನ್ನು ಮತ್ತೆ ನೋಡಿ. ನಡುವೆ ನಿಲ್ಲಿಸಿ, ‘ಆ ಮೇಷ್ಟ್ರಿಗೆ ಅಲ್ಲಿ ಹೇಗನ್ನಿಸಿರಬಹುದು?’ ಎಂದು ಕೇಳಿ. ಉತ್ತರ ಅವನಿಂದಲೇ ಬರಲಿ, ತಡವಾದರೂ ಸರಿ. ಆಮೇಲೆ ಇನ್ನೊಂದು ಪ್ರಶ್ನೆ: ‘ನಿನ್ನ ಗೆಳೆಯ ಮನೇಲಿ ಆಡೋ ಭಾಷೆ ಅವನ ಶಾಲೇಲಿ ಕಲಿಸ್ತಾರಾ?’ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಚಿತ್ರದ ಮಕ್ಕಳು ಅಲ್ಲಿ ಹೇಗೋ, ಈ ಹುಡುಗ ನಿಮ್ಮ ಬೀದಿಯಲ್ಲಿ ಹಾಗೆ. ಇದು ನಿಮ್ಮ ಮಗನಿಗೆ ತಾನಾಗಿ ಹೊಳೆದರೆ ಅದೇ ಸಿನಿಮಾ ಅವನನ್ನು ಗೆಳೆಯನ ಹತ್ತಿರ ಕರೆದೊಯ್ಯುತ್ತದೆ.

ಬಲವಂತದಿಂದ ‘ಸಾರಿ’ ಹೇಳಿಸಬೇಡಿ. ಸಂಜೆ ತಿಂಡಿಗೆ ಆ ಹುಡುಗನನ್ನೂ ಕರೆಯಿರಿ, ಸಾಕು. ‘ಈ ಕೇರಳದವರೇ ಹೀಗೆ’ ಎಂಬಂಥ ಮಾತು ಮನೆಯ ದೊಡ್ಡವರ ಬಾಯಲ್ಲಿ ಬರುತ್ತಿದ್ದರೆ ಅದಕ್ಕೂ ತಡೆ ಬೇಕು. ಮಕ್ಕಳು ಸಿನಿಮಾಕ್ಕಿಂತ ಹೆಚ್ಚಾಗಿ ನಮ್ಮ ಮಾತನ್ನೇ ಹಿಡಿದುಕೊಳ್ಳುತ್ತಾರೆ. ಹಾಗೆಂದು ಇಂಥ ಚಿತ್ರಗಳನ್ನು, ಕತೆಗಳನ್ನು ದೂರವಿಡಬೇಡಿ.

ಕೆಲವು ವಾರ ಕಳೆದರೂ ಸಿಟ್ಟು ಇಳಿಯದಿದ್ದರೆ, ಬೈಗುಳ, ಹೊಡೆದಾಟ, ನಿದ್ದೆಗೇಡು ಕಂಡರೆ ಶಾಲೆಯ ಆಪ್ತಸಮಾಲೋಚಕರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ಆಗುತ್ತದೆ, ಅಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಇನ್ನೊಂದು ಮಾತು. ಗೆಳೆಯ ಯಾಕೆ ಬರುತ್ತಿಲ್ಲವೆಂದು ಆ ಹುಡುಗನಿಗೆ ಗೊತ್ತಿರಲಿಕ್ಕಿಲ್ಲ. ಅವನ ಅಮ್ಮನನ್ನು ಕಂಡು ನೀವೇ ಮಾತಾಡಿ. ಅದಕ್ಕೆ ಭಾನುವಾರದವರೆಗೆ ಕಾಯುವುದು ಬೇಡ.