ಬಳೆ ಏರದ ಕೈ

ಸ್ತನ ಕ್ಯಾನ್ಸರಿಗೆ ಕಿದ್ವಾಯಿ ಆಸ್ಪತ್ರೆಯಲ್ಲೋ ಮತ್ತೆಲ್ಲೋ ಆಪರೇಷನ್, ‘ಕರೆಂಟು’ (ವಿಕಿರಣ ಚಿಕಿತ್ಸೆ) ಮುಗಿಸಿ ಊರಿಗೆ ಬಂದವರ ಕೈಬಾವಿಗೆ ತುಮಕೂರಿನಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಗುಬ್ಬಿ, ಕುಣಿಗಲ್ ಕಡೆಯವರೇ ಜಾಸ್ತಿ.

1. ಬಾವು ಮೊದಲು ಗೊತ್ತಾಗುವುದು ಬಳೆಗೆ. ಕಂಕುಳಿನ ದುಗ್ಧಗ್ರಂಥಿ ತೆಗೆದರೆ, ಇಲ್ಲವೇ ಅಲ್ಲಿಗೆ ಕರೆಂಟು ಕೊಟ್ಟರೆ, ತೋಳಿನ ದುಗ್ಧರಸ ವಾಪಸ್ ಹರಿಯಲು ದಾರಿ ಸಾಲದು. ಮೂರು ತಿಂಗಳಿಗೂ ಬರಬಹುದು, ಹತ್ತು ವರ್ಷ ಬಿಟ್ಟೂ ಬರಬಹುದು. ನೋವು ಕಡಿಮೆ, ಅದಕ್ಕೇ ಯಾರೂ ಬೇಗ ತೋರಿಸುವುದಿಲ್ಲ. ರೋಗ ಮರುಕಳಿಸಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ ಎಂದು ಡಾಕ್ಟರು ನೋಡಿದ ಮೇಲೆಯೇ ನನ್ನ ಕೆಲಸ.

2. ದರ್ಜಿಯ ಟೇಪು ಸಾಕು. ಎರಡೂ ಕೈಯನ್ನು ಗುರುತಿಟ್ಟ ಜಾಗಗಳಲ್ಲೇ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಆಪರೇಷನ್ ಆದ ಕಡೆಯ ಕೈ ಇನ್ನೊಂದಕ್ಕಿಂತ 2 ಸೆಂ.ಮೀ. ಹೆಚ್ಚಿದರೆ ಕಾಯಬೇಡಿ.

3. ಇದು ನನ್ನದೇ ತಪ್ಪು. ಬಿಂದಿಗೆ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಗುಬ್ಬಿ ಹತ್ತಿರದ ಒಬ್ಬ ಅಮ್ಮ ಚಾಚೂ ತಪ್ಪದೆ ಪಾಲಿಸಿದರು. ಆರು ತಿಂಗಳು ಬಿಟ್ಟು ಬಂದಾಗ ಕೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದರು. ಭುಜ ಬಿಗಿದು ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ, ಬಾವೂ ಹೆಚ್ಚಿತ್ತು. “ನೀವೇ ಹೇಳಿದ್ರಲ್ಲ ಮೇಡಮ್” ಎಂದರು. ಸ್ನಾಯು ಹಿಂಡಿದರೆ ತಾನೇ ರಸ ಮೇಲೇರುವುದು! ಇಂಥದೇ ಬಾವಿದ್ದ 141 ಹೆಂಗಸರನ್ನು ಅಮೆರಿಕದಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ್ದರು: ಮೆಲ್ಲಮೆಲ್ಲಗೆ ಭಾರ ಏರಿಸಿದವರಿಗೆ ಉಳಿದವರಿಗಿಂತ ಬಾವು ಹೆಚ್ಚಲಿಲ್ಲ. ನಾನು ಓದಿದ್ದು ತಡವಾಗಿ. ಆ ಅಮ್ಮನಿಗೆ ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರುಮಾಡಿಸಿದೆ. ಈಗ ನಾಲ್ಕು ಜನರ ಮುದ್ದೆ ತಿರುವುತ್ತಾರೆ.

4. ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂತೆಂದರೆ ಅವತ್ತೇ ಆಸ್ಪತ್ರೆ. ಆಗ ಬಾವಿಗೆ ಪಟ್ಟಿ ಸುತ್ತುವುದು ಬೇಡ, ನೀವುವುದೂ ಬೇಡ, ಬೇಕಿರುವುದು ಆಂಟಿಬಯೋಟಿಕ್. ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿದ ಗೀರೂ ಸಾಕು ಸೋಂಕಿಗೆ. ಸೋಂಕು ಬಾರದಂತೆ ದಿನವೂ ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ, ರಾತ್ರಿ ಕೊಬ್ಬರಿ ಎಣ್ಣೆ ಸವರಿ.

5. ಆನೆಕಾಲಿನ ಹಾಗೆ ಇದೂ ಬೇರೆಯವರಿಗೆ ಬರುತ್ತದೆಯೇ ಎಂದು ಸೊಸೆಯಂದಿರು ಪಿಸುಗುಡುತ್ತಾರೆ. ಆನೆಕಾಲು ಸೊಳ್ಳೆ ದಾಟಿಸುವ ಹುಳುವಿನದು, ಇದು ಹಾಗಲ್ಲ.

6. ಮೆಡಿಕಲ್ ಸ್ಟೋರಿನ ಕ್ರೇಪ್ ಬ್ಯಾಂಡೇಜನ್ನು ತೋಳಿಗಷ್ಟೇ ಬಿಗಿದರೆ ಬಾವು ಬೆರಳಿಗಿಳಿಯುತ್ತದೆ. ಹೆಚ್ಚು ಹಿಗ್ಗದ ಪಟ್ಟಿಯನ್ನು ಪದರಪದರವಾಗಿ ಸುತ್ತಬೇಕು, ಕೆಳಗೆ ಬಿಗಿ, ಮೇಲೆ ಸಡಿಲ. ಬಾವು ಇಳಿದ ಮೇಲೆ, ನನ್ನಲ್ಲಿಗೆ ಬರುವವರು ‘ಕೈ ಸಾಕ್ಸು’ ಎನ್ನುವ ಬಿಗಿ ಸ್ಲೀವ್. ಕುಣಿಗಲ್‌ನ ಅಕ್ಕ ಒಬ್ಬರು ಅದನ್ನು ಒಗೆದೊಗೆದು ಬಿಸಿಲಿಗೆ ಒಣಹಾಕಿ ಎರಡು ವರ್ಷ ದಾಟಿಸಿದ್ದರು. “ಈಗ ಸಲೀಸಾಗಿ ಏರುತ್ತೆ ಮೇಡಮ್” ಎಂದು ಹಿಗ್ಗಿ ತೋರಿಸಿದರು. ಆರು ತಿಂಗಳಿಗೆಲ್ಲ ಎಲಾಸ್ಟಿಕ್ ಸೋಲುತ್ತದೆ. ಹಾಕಿಕೊಳ್ಳುವಾಗ ಒಂದಿಷ್ಟು ಒದ್ದಾಡಿಸದ ಸ್ಲೀವ್ ಬರೀ ಬಟ್ಟೆ. ಟೇಪು ಹಿಡಿದು ನೋಡಿದೆವು. ಮುಂಗೈ 3 ಸೆಂ.ಮೀ. ಹೆಚ್ಚಿತ್ತು.